ಲ್ಯೂಬೆಕ್‌ನ ಹಳೆಯ ಮಾರ್ಕ್ ನಾಣ್ಯ ಏಕೆ ಸಿಗುವುದಿಲ್ಲ?

1400ರ ಸುಮಾರಿನ, ಉತ್ತರ ಜರ್ಮನಿಯ ಲ್ಯೂಬೆಕ್ ನಗರದ ವರ್ತಕರ ಲೆಕ್ಕದ ತುಂಬ ‘ಮಾರ್ಕ್’ ಇದ್ದರೂ ಆ ಕಾಲದ ಮಾರ್ಕ್ ನಾಣ್ಯ ಒಂದೂ ಕಾಣುವುದಿಲ್ಲವೇಕೆ ಎಂದು ಕೇಳಿದ್ದೀರಿ. ಆಗ ಅಂಥ ನಾಣ್ಯವೇ ಇರಲಿಲ್ಲ ಸ್ವಾಮಿ! ಮಾರ್ಕ್ ಬರಿಯ ಎಣಿಕೆಯ ಹಣ: 16 ಶಿಲಿಂಗ್, ಅಂದರೆ 192 ಫೆನಿಗ್ ಎಂಬ ಸಣ್ಣ ಬೆಳ್ಳಿ ನಾಣ್ಯ. (ನಮ್ಮ ಹಳೆಯ ರೂಪಾಯಿಗೂ 16 ಆಣೆ, 192 ಪೈ, ಕಾಕತಾಳೀಯವಾದರೂ ನೆನಪಿಡಲು ಸುಲಭ.) ಮೂಲದಲ್ಲಿ ಅದು ಬೆಳ್ಳಿಯ ತೂಕ. ಫೆನಿಗ್‌ನಲ್ಲಿ ಬೆಳ್ಳಿ ಕರಗುತ್ತ ಹೋದಂತೆ ತೂಕದ ಮಾರ್ಕ್ ಬೇರೆ, ಎಣಿಕೆಯ ಮಾರ್ಕ್ ಬೇರೆ ಆಯಿತು.

ನೀವು ಹುಡುಕಬೇಕಾದದ್ದು ‘ವಿಟ್ಟೆನ್’. 4 ಫೆನಿಗ್ ಬೆಲೆಯ ಪುಟ್ಟ ಬೆಳ್ಳಿ ನಾಣ್ಯ. ಒಂದು ಮಾರ್ಕಿಗೆ 48 ಎಣಿಸಿ ಕೊಡಬೇಕಿತ್ತು. ಲ್ಯೂಬೆಕ್‌ನದಾದರೆ ಒಂದು ಮುಖದಲ್ಲಿ ಎರಡು ತಲೆಯ ಹದ್ದು, ಇನ್ನೊಂದರಲ್ಲಿ ಶಿಲುಬೆ. ಮಾರ್ಕ್ ನಾಣ್ಯವಾಗಿ ಟಂಕಿತವಾದದ್ದು 16ನೆಯ ಶತಮಾನದ ಆರಂಭದಲ್ಲಿ.