ರಕ್ತದ ಗುಂಪು ಬೇರೆಯಾದರೂ ತಮ್ಮನಿಗೆ ಕೊಡಬಹುದು

ತಮ್ಮನಿಗೆ ಲುಕೇಮಿಯಾ (ರಕ್ತದ ಕ್ಯಾನ್ಸರ್), ಅವನದು ಓ ಪಾಸಿಟಿವ್, ನಿಮ್ಮದು ಬಿ ಪಾಸಿಟಿವ್, ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಕಾಂಡಕೋಶ) ಕೊಡೋಕಾಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಇಲ್ಲಿ ಹೊಂದಬೇಕಾದ್ದು ರಕ್ತದ ಗುಂಪಲ್ಲ, ಜೀವಕೋಶಗಳ ಮೇಲಿರುವ ಗುರುತಿನ ಪ್ರೋಟೀನ್‌ಗಳು, ಅಂದರೆ ಎಚ್‌ಎಲ್‌ಎ. ಒಡಹುಟ್ಟಿದವರಲ್ಲಿ ಅದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಸಿ ಹಿಡಿದ ಮೇಲೆ ಕೆಲವು ತಿಂಗಳಲ್ಲಿ ನಿಮ್ಮ ತಮ್ಮನ ರಕ್ತವೇ ಬಿ ಪಾಸಿಟಿವ್ ಆಗಿಬಿಡುತ್ತೆ! ಅಲ್ಲಿಯವರೆಗೆ ಅವನಿಗೆ ಯಾವ ಗುಂಪಿನ ರಕ್ತ ಕೊಡಬೇಕೆಂದು ವೈದ್ಯರು ಲೆಕ್ಕ ಹಾಕಿ ಕೊಡುತ್ತಾರೆ.

ಮೂಳೆ ಕೊರೀತಾರೆ ಅನ್ನೋ ಹೆದರಿಕೆಯೂ ಬೇಡ. ಈಗ ಹೆಚ್ಚಿನವರಿಂದ ರಕ್ತದ ಮೂಲಕವೇ ತೆಗೆಯುತ್ತಾರೆ. ಕಾಂಡಕೋಶ ಮೂಳೆಯಿಂದ ರಕ್ತಕ್ಕೆ ಬರುವಂತೆ ಮಾಡಲು ನಾಲ್ಕೈದು ದಿನ ಜಿ‌ಸಿಎಸ್‌ಎಫ್ ಇಂಜೆಕ್ಷನ್. ಸೊಂಟ, ಬೆನ್ನು ಚೆನ್ನಾಗಿಯೇ ನೋಯುತ್ತೆ, ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತಗೊಳ್ಳಿ. ಆಮೇಲೆ ಯಂತ್ರದ ಪಕ್ಕ ನಾಲ್ಕೈದು ಗಂಟೆ: ಒಂದು ಕೈಯಿಂದ ರಕ್ತ ಹೋಗಿ, ಕಾಂಡಕೋಶ ಸೋಸಿಕೊಂಡು, ಇನ್ನೊಂದು ಕೈಗೆ ವಾಪಸ್. ನಡುವೆ ತುಟಿ, ಬೆರಳ ತುದಿ ಜುಮ್ಮೆಂದರೆ ತಕ್ಷಣ ನರ್ಸ್‌ಗೆ ಹೇಳಿ. ರಕ್ತ ಹೆಪ್ಪುಗಟ್ಟದಿರಲು ಹಾಕುವ ಸಿಟ್ರೇಟ್ ಕ್ಯಾಲ್ಸಿಯಂ ಇಳಿಸುತ್ತೆ, ಕ್ಯಾಲ್ಸಿಯಂ ಕೊಟ್ಟರೆ ಸರಿಹೋಗುತ್ತೆ. ಶುರುವಾಗೋ ಮುಂಚೆ ಬಾತ್‌ರೂಮಿಗೆ ಹೋಗಿಬನ್ನಿ, ಇದನ್ನ ಯಾರೂ ಹೇಳಲ್ಲ.

ಎಚ್‌ಎಲ್‌ಎ ಅರ್ಧ ಹೊಂದಿದರೂ ಈಗ ಕಸಿ ಮಾಡುತ್ತಾರೆ, ಅಪ್ಪ, ಅಮ್ಮನದು ಸಾಮಾನ್ಯವಾಗಿ ಅರ್ಧ ಹೊಂದುತ್ತೆ. ಹಾಗಾಗಿ ಅಪ್ಪ, ಅಮ್ಮನ ಪರೀಕ್ಷೆಯನ್ನೂ ನಿಮ್ಮ ಜೊತೆಗೇ ಮಾಡಿಸಬಹುದಾ ಅಂತ ವೈದ್ಯರನ್ನು ಕೇಳಿ.