ನದಿದಂಡೆಯ ಸರ್ಕಾರಿ ಜಾಗದಲ್ಲಿ ಪ್ರಾಚೀನ ಅವಶೇಷಗಳಿದ್ದರೆ ಅವುಗಳಿಗೆ ರಕ್ಷಣೆ ತಾನಾಗಿಯೇ ಸಿಗುತ್ತದೆಯೇ?

ಇಲ್ಲ. ಜಾಗ ಸರ್ಕಾರದ್ದು ಎಂಬುದಷ್ಟೇ ಸಾಲದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ನೆಲೆಗಳಿಗೆ ಮಾತ್ರ, 2010ರ ತಿದ್ದುಪಡಿಯಂತೆ, ಸುತ್ತಲಿನ 100 ಮೀಟರ್ ನಿರ್ಮಾಣ ನಿಷೇಧಿತ ಪ್ರದೇಶವಾಗುತ್ತದೆ. ಅದರಾಚೆಗಿನ 200 ಮೀಟರ್‌ನಲ್ಲಿ ಕಟ್ಟಡ ಕಟ್ಟಲು ಅನುಮತಿ ಬೇಕು. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ ಬೇರೆ ಕಾಯ್ದೆಯಿದೆ. ಈ ಎರಡೂ ಪಟ್ಟಿಗೆ ಸೇರದ, ಅವಶೇಷಗಳು ಹುದುಗಿರುವ ದಿಬ್ಬಗಳೇ ನಿಜವಾಗಿ ಅಪಾಯದಲ್ಲಿರುವುದು: ಮಣ್ಣು, ಮರಳು ತೆಗೆಯುವವರಿಗೆ ಅವು ಬರಿಯ ದಿಬ್ಬಗಳಾಗಿಯೇ ಕಾಣುತ್ತವೆ.

ಕಲಬುರಗಿ ಜಿಲ್ಲೆಯ ಭೀಮಾ ತೀರದ ಸನ್ನತಿಯನ್ನೇ ನೋಡಿ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ವಿಗ್ರಹವನ್ನು ಕೂರಿಸಲು ಯಾರೋ ಆ ಬ್ರಾಹ್ಮೀ ಅಕ್ಷರಗಳ ನಡುವೆಯೇ ರಂಧ್ರ ಕೊರೆದಿದ್ದರು. ಪಕ್ಕದ ಕನಗನಹಳ್ಳಿಯ ದಿಬ್ಬದಲ್ಲಿ ಮುಂದೆ ಬೌದ್ಧ ಮಹಾಸ್ತೂಪವೂ, 'ರಾಯ ಅಸೋಕೊ' (ರಾಜ ಅಶೋಕ) ಎಂಬ ಬರಹವಿರುವ ಶಿಲ್ಪವೂ ದೊರೆತವು.

ಆದ್ದರಿಂದ ದಂಡೆಯಲ್ಲಿ ಕೆತ್ತನೆಯ ಕಲ್ಲೋ ಹಳೆಯ ಇಟ್ಟಿಗೆಯ ಸಾಲೋ ಕಂಡರೆ ದಯವಿಟ್ಟು ಅಲುಗಾಡಿಸಬೇಡಿ. ಇದ್ದ ಸ್ಥಿತಿಯಲ್ಲೇ ಚಿತ್ರ ತೆಗೆದು, ಸ್ಥಳದ ಗುರುತಿನೊಂದಿಗೆ ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ.