ದೇವರ ಕಥೆ, ಆರು ವರ್ಷದ ಮಗ

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಈ ಭಾನುವಾರ ನಾದಿನಿ ಮನೆಯಲ್ಲಿ ಮಕ್ಕಳೆಲ್ಲ ಸೇರಿ ‘ಮಹಾವತಾರ ನರಸಿಂಹ’ ಅನಿಮೇಶನ್ ಸಿನಿಮಾ ನೋಡುವುದು ಅಂತ ಆಗಿದೆ. ಟ್ರೇಲರ್ ನೋಡಿದ ದಿನದಿಂದ ಇವನು ರಾತ್ರಿ ಲೈಟ್ ಆರಿಸಲು ಬಿಡುತ್ತಿಲ್ಲ. “ಪ್ರಹ್ಲಾದನ ಅಪ್ಪ ಯಾಕಮ್ಮ ಹಾಗೆ ಮಾಡಿದ?” ಅಂತ ಕೇಳುತ್ತಾನೆ. ನಾನು ಬೇಡ ಅಂದರೆ ಅತ್ತೆ “ದೇವರ ಕಥೆಗೂ ಅಡ್ಡಿಯಾ?” ಅನ್ನುತ್ತಾರೆ. ನಮ್ಮವರು “ಕಾರ್ಟೂನ್ ತಾನೇ, ಬಿಡು” ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಕರಾವಳಿ, ಮಲೆನಾಡಿನ ಮಕ್ಕಳು ಅಮ್ಮನ ಮಡಿಲಲ್ಲಿ ಕೂತು ಯಕ್ಷಗಾನದ ಹಿರಣ್ಯಕಶಿಪುವನ್ನು ನೋಡಿಕೊಂಡೇ ಬೆಳೆದಿದ್ದಾರೆ. ಆದರೆ ಅಲ್ಲಿ ಆಟ ಮುಗಿದ ಮೇಲೆ ವೇಷ ಕಟ್ಟುವ ಚೌಕಿಗೆ ಹೋದರೆ, ಅದೇ ರಾಕ್ಷಸ ಕಿರೀಟ ಬಿಚ್ಚಿಟ್ಟು ಚಹಾ ಕುಡಿಯುತ್ತಾ ಕೂತಿರುತ್ತಾನೆ! ಅಜ್ಜಿ ಕಥೆ ಹೇಳಿದರೂ ಅಷ್ಟೇ, ತನಗೆ ತಡೆಯುವಷ್ಟು ರಕ್ತವನ್ನು ಮಾತ್ರ ಮಗು ಮನಸ್ಸಲ್ಲಿ ಚಿತ್ರಿಸಿಕೊಳ್ಳುತ್ತೆ. ಪರದೆ ಮೇಲೆ ಅದನ್ನು ಬೇರೆ ಯಾರೋ ಬಿಡಿಸಿಟ್ಟಿರುತ್ತಾರೆ, ಜೊತೆಗೆ ಎದೆ ನಡುಗಿಸುವ ಸೌಂಡ್ ಬೇರೆ.

“ಕಾರ್ಟೂನ್ ತಾನೇ” ಅನ್ನುವುದನ್ನು ಮಾತ್ರ ನಾನು ಒಪ್ಪಲ್ಲ. ಅನಿಮೇಶನ್ ಆದ ಮಾತ್ರಕ್ಕೆ ಮಕ್ಕಳ ಸಿನಿಮಾ ಆಗಿಬಿಡಲ್ಲ. ಸೆನ್ಸಾರ್ ಮಂಡಳಿ 2024ರಿಂದ ಯುಎ ಸರ್ಟಿಫಿಕೇಟನ್ನು 7+, 13+, 16+ ಅಂತ ಬಿಡಿಸಿ ಕೊಡುತ್ತಿದೆ. ಅದು ತಡೆಯಲ್ಲ, ಅಪ್ಪ ಅಮ್ಮನಿಗೆ ಕೊಡುವ ಸೂಚನೆ ಅಷ್ಟೇ. ನಿಮ್ಮ ಮಗನಿಗೆ ಇನ್ನೂ 7 ಕೂಡ ತುಂಬಿಲ್ಲ ಅಲ್ವಾ?

ಇದೆಲ್ಲಕ್ಕಿಂತ ನನಗೆ ಮುಖ್ಯ ಅನಿಸಿದ್ದು ಅವನ ಪ್ರಶ್ನೆ. ಉಗುರು, ಸಿಂಹ ಎಲ್ಲ ಬಿಟ್ಟು ಅವನು ಅಪ್ಪನ ಬಗ್ಗೆ ಕೇಳಿದ್ದಾನೆ. ನಾವು ದೊಡ್ಡವರು ರಕ್ತ ಎಷ್ಟಿದೆ ಅಂತ ನೋಡುತ್ತೇವೆ. ಈ ಕಥೆಯಲ್ಲಿ ಹೆತ್ತ ಅಪ್ಪನೇ ಮಗನನ್ನು ಬೆಟ್ಟದಿಂದ ತಳ್ಳಿಸುತ್ತಾನೆ, ಆನೆ ಕಾಲಡಿ ಹಾಕಿಸುತ್ತಾನೆ. ಸೋದರತ್ತೆ ಹೋಳಿಕಾ ತೊಡೆ ಮೇಲೆ ಕೂರಿಸಿಕೊಂಡು ಬೆಂಕಿಗೆ ಇಳಿಯುತ್ತಾಳೆ. (ಭಾನುವಾರ ಇವನು ಹೋಗಬೇಕಿರುವುದೂ ಸೋದರತ್ತೆ ಮನೆಗೇ!) ಸಿಟ್ಟು ಬಂದರೆ ನಮ್ಮಪ್ಪನೂ ಹೀಗೇ ಮಾಡ್ತಾರಾ ಅಂತ ಅವನ ತಲೆಯಲ್ಲಿ ಓಡುತ್ತಿರಬಹುದು.

ಹಾಗಾಗಿ ಈ ಭಾನುವಾರ ಸಿನಿಮಾ ಬೇಡ. ಅತ್ತೆಗೆ ಮಾತ್ರ ಬೇಡ ಅನ್ನಬೇಡಿ. “ಮೊದಲು ನಿಮ್ಮ ಬಾಯಲ್ಲೇ ಕಥೆ ಕೇಳಲಿ ಅತ್ತೆ” ಅನ್ನಿ. ಅವನ ಪ್ರಶ್ನೆಗೆ ಉತ್ತರ ನಿಮ್ಮ ಯಜಮಾನರೇ ಕೊಡಲಿ, ರಾತ್ರಿ ಮಲಗಿಸುವಾಗ. “ನಾನು ಬೈತೀನಿ ಕಣೋ, ಆದ್ರೆ ನಿಂಗೆ ಯಾವತ್ತೂ ಹಾಗೆ ಮಾಡಲ್ಲ” ಅಂದರೆ ಸಾಕು. ಆಮೇಲೂ ನೋಡಬೇಕು ಅಂತ ಹಟ ಹಿಡಿದರೆ, ಮೊದಲು ನೀವಿಬ್ಬರೂ ನೋಡಿ. ನಂತರ ಹಗಲು ಹೊತ್ತಲ್ಲಿ, ಸೌಂಡ್ ಕಮ್ಮಿ ಮಾಡಿ ಮನೆಯಲ್ಲೇ ತೋರಿಸಿ. ಅವನು ಸಾಕು ಅಂದ ತಕ್ಷಣ ಆಫ್ ಮಾಡಿ, ಕ್ಲೈಮ್ಯಾಕ್ಸ್ ಬಾಕಿ ಇದೆ ಅಂತ ಕೂರಿಸಬೇಡಿ.

ನಾದಿನಿಗೆ ಇವತ್ತೇ ಒಂದು ಫೋನ್ ಮಾಡಿಬಿಡಿ. ದೊಡ್ಡ ಮಕ್ಕಳು ಇವನನ್ನು ಪುಕ್ಕಲ ಅಂತ ರೇಗಿಸದಂತೆ ನೋಡಿಕೊಳ್ಳಲಿ. ಸಿನಿಮಾ ಮುಗಿಯುವ ಹೊತ್ತಿಗೆ ನೀವು ಊಟಕ್ಕೆ ಹೋದರಾಯಿತು.